ಮನೆಯಲ್ಲೇ ಐದು ಮಕ್ಕಳನ್ನು ನೋಡಿಕೊಳ್ಳುತ್ತೇನೆ: ದಿನವನ್ನು ಹೇಗೆ ಜೋಡಿಸಲಿ?

ಪಡಸಾಲೆ (ಕೊಪ್ಪಳ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಎಂಟು ತಿಂಗಳಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ನನ್ನ ಮಗಳೂ ಸೇರಿ ಐದು ಜನ. ಒಂದೂವರೆ ವರ್ಷದ ಹುಡುಗ, ಎರಡು ದಾಟಿದ ಇಬ್ಬರು ಹುಡುಗಿಯರು, ಮೂರು ವರ್ಷದವನೊಬ್ಬ, ನಾಲ್ಕು ತುಂಬಿದ ನನ್ನ ಮಗಳು. ಬೆಳಿಗ್ಗೆ 9ಕ್ಕೆ ಬರುತ್ತಾರೆ, ಸಂಜೆ 5.30ಕ್ಕೆ ಹೋಗುತ್ತಾರೆ. ತಾಯಂದಿರಲ್ಲಿ ಒಬ್ಬರು ನರ್ಸ್, ಒಬ್ಬರು ಬ್ಯಾಂಕಿನವರು, ಒಬ್ಬರು ಅಂಗಡಿ ನಡೆಸುತ್ತಾರೆ, ಇನ್ನೊಬ್ಬರು ಗಿಣಿಗೇರಿ ಕಡೆ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದಾರೆ. ಅಡುಗೆಮನೆಯನ್ನು ಅತ್ತೆ ನೋಡಿಕೊಳ್ಳುವುದರಿಂದ ನಾನು ಇಡೀ ದಿನ ಮಕ್ಕಳ ಹತ್ತಿರವೇ ಇರುತ್ತೇನೆ.

ಹೋದ ತಿಂಗಳು ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. 9.30ಕ್ಕೆ ಹಾಡು, 10ಕ್ಕೆ ಬಣ್ಣ, 10.30ಕ್ಕೆ ಆಕಾರಗಳು, 11ಕ್ಕೆ ಕಥೆ, ಹೀಗೆ ಅರ್ಧರ್ಧ ಗಂಟೆಗೆ ಒಂದೊಂದು. ರಾತ್ರಿ ಮಗಳು ಮಲಗಿದ ಮೇಲೆ ಕಾಗದ ಕತ್ತರಿಸಿ, ಅಂಟು ಕಲಸಿ ಎಲ್ಲವನ್ನೂ ಸಿದ್ಧಮಾಡಿ ಇಡುತ್ತಿದ್ದೆ. ಬಣ್ಣದ ಕೆಲಸ ಏಳೇ ನಿಮಿಷಕ್ಕೆ ಮುಗಿದುಹೋಯಿತು. ಚಿಕ್ಕವನು ಮೇಣದ ಬಣ್ಣವನ್ನು ಕಚ್ಚಿ ತಿಂದ. ಆಕಾರಗಳ ಹೊತ್ತಿಗೆ ಅವನಿಗೆ ನಿದ್ದೆ, ಹುಡುಗಿಯರಿಗೆ ಹಸಿವು, ಮಗಳಿಗೆ ನನ್ನ ತೊಡೆ ಬೇಕು. ಚಾರ್ಟಿನ ಪ್ರಕಾರ ನಡೆದ ದಿನ ಒಂದೂ ಇಲ್ಲ.

ಮೊನ್ನೆ ಮಂಗಳವಾರ ಬೆಳಿಗ್ಗೆ ನಲ್ಲಿಗೆ ನೀರು ಬಂತು. ನಾನು ಕೊಡ ತುಂಬಿಸುತ್ತಿದ್ದರೆ ಐವರೂ ತಂಬಿಗೆ ಹಿಡಿದು ಸುತ್ತ ನಿಂತರು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಾ ಒಂದು ಗಂಟೆ ಕಳೆದರು. ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಹೊಡೆಯಲಿಲ್ಲ. ನನಗೆ ಮಾತ್ರ ಚಾರ್ಟಿನ ಎರಡು ಕೆಲಸ ತಪ್ಪಿದವಲ್ಲ ಎಂದು ಸಂಕಟ. ಸಂಜೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು, ‘ಇವತ್ತು ಏನು ಕಲಿಸಿದಿರಿ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಈಗ ಬಿಸಿಲು ಬೇರೆ. ಹತ್ತು ಗಂಟೆಯ ನಂತರ ಅಂಗಳದ ಫರಸಿ ಕಲ್ಲಿನ ಮೇಲೆ ಕಾಲಿಡಲಾಗದು. ಕರೆಂಟ್ ಹೋದ ಒಂದು ಮಧ್ಯಾಹ್ನ ಮೊಬೈಲ್ ಕೊಟ್ಟು ಸುಮ್ಮನಾಗಿಸಿದೆ, ಆ ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟು ವಯಸ್ಸಿನ ಅಂತರ ಇರುವ ಮಕ್ಕಳಿಗೆ ದಿನವನ್ನು ಹೇಗೆ ಯೋಜಿಸಬೇಕು? ಚಿಕ್ಕವನ ನಿದ್ದೆಯನ್ನು ಉಳಿದವರ ಜೊತೆ ಹೇಗೆ ಹೊಂದಿಸುವುದು? ಆ ತಾಯಿಗೆ ನಾನು ಏನು ಹೇಳಬೇಕಿತ್ತು?

ಮೂರು ತೊಟ್ಟಿಲು (ರಾಯಚೂರು)

ಅಕ್ಕಾ, ನಾನೂ ಇದೇ ಕೆಲಸದಲ್ಲಿದ್ದೇನೆ, ನಾಲ್ಕು ವರ್ಷವಾಯಿತು. ನಿದ್ದೆಯ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಹಿರಿಯರು ಹೇಳಲಿ.

ಒಂದು ವರ್ಷದಿಂದ ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳು ಹಗಲಿನ ಎರಡು ನಿದ್ದೆಯಿಂದ ಒಂದಕ್ಕೆ ಬರುತ್ತಾರೆ. ನಿಮ್ಮ ಚಿಕ್ಕವನು ಆ ಹೊಸ್ತಿಲಲ್ಲಿದ್ದಾನೆ. ಅವನನ್ನು ಒಂದೇ ದಿನದಲ್ಲಿ 10.30ರಿಂದ 1ಕ್ಕೆ ಎಳೆಯಬೇಡಿ. ನಾನು ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದೆ ತಳ್ಳುತ್ತೇನೆ. ಅವನ ಊಟವನ್ನೂ ಅಷ್ಟೇ ಹಿಂದೆ ಮುಂದೆ ಮಾಡಬೇಕಾಗುತ್ತದೆ: ಮೊದಲ ವಾರಗಳಲ್ಲಿ 11.15ಕ್ಕೇ ಮೆತ್ತಗಿನ ಹೆಸರುಬೇಳೆ ಕಿಚಡಿ ಉಣಿಸಿ ಮಲಗಿಸುತ್ತಿದ್ದೆ. ತಿಂಗಳೊಳಗೆ ಎಲ್ಲರೂ 12.30ಕ್ಕೆ ಒಟ್ಟಿಗೆ ಮಲಗತೊಡಗಿದರು. ಜ್ವರವೋ ಹಲ್ಲು ಬರುವುದೋ ಇದ್ದರೆ ಲೆಕ್ಕ ಹಿಂದಕ್ಕೆ ಹೋಗುತ್ತದೆ, ಹೋಗಲಿ ಬಿಡಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಅಳತೆಯನ್ನು ನಾನು ಬಾಗಿಲ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಹಗಲು ನಿದ್ದೆಯೂ ಸೇರಿ 1–2 ವರ್ಷದವರಿಗೆ 11ರಿಂದ 14 ಗಂಟೆ, 3–4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ದಿನದಲ್ಲಿ ಬಿಡಿಬಿಡಿಯಾಗಿ ಕನಿಷ್ಠ 180 ನಿಮಿಷ ಮೈ ಆಡಬೇಕು. ಒಂದು ವರ್ಷದ ಮಗುವಿಗೆ ಮೊಬೈಲ್, ಟಿವಿ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮಕ್ಕಳು ಮನೆಗೆ ಹೋದ ಮೇಲೂ ಟಿವಿ ನೋಡುತ್ತಾರಲ್ಲ, ಆದ್ದರಿಂದ ಆ ಗಂಟೆಯನ್ನು ನಾನು ಖರ್ಚು ಮಾಡುವುದಿಲ್ಲ.

ನೀರಾಟ ಮುಗಿದ ಕೂಡಲೇ ಬಕೆಟ್, ಟಬ್ ಎಲ್ಲವನ್ನೂ ಬೋರಲು ಹಾಕಿ. ಗೇಣು ನೀರಿನಲ್ಲೂ ಮಗು ಮುಳುಗುತ್ತದೆ, ಸದ್ದೂ ಆಗುವುದಿಲ್ಲ. ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ ನೋಡಿಕೊಳ್ಳಿ.

ಭತ್ತದ ಕಣಜ (ಗಂಗಾವತಿ)

ತಂಗೀ, ನೀನು ಬರೆದದ್ದನ್ನು ಎರಡು ಸಲ ಓದಿದೆ. ನನಗಿಂತ ಬಹಳ ಚಿಕ್ಕವಳಿರಬೇಕು, ಅದಕ್ಕೆ ಏಕವಚನದಲ್ಲಿ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ.

ಮಂಗಳವಾರ ನಿನ್ನ ಮನೆಯಲ್ಲಿ ನಡೆದದ್ದೇ ಒಳ್ಳೆಯ ಯೋಜನೆ. ಅದನ್ನು ನೀನು ಯೋಜಿಸಿರಲಿಲ್ಲ, ಅಷ್ಟೇ.

ಕರುವನ್ನು ಮೇಯಲು ಕಟ್ಟುವುದನ್ನು ನೋಡಿದ್ದೀಯಲ್ಲ. ಗೂಟ ಗಟ್ಟಿಯಾಗಿರುತ್ತದೆ, ಹಗ್ಗ ಉದ್ದವಾಗಿರುತ್ತದೆ. ಮಕ್ಕಳ ದಿನಕ್ಕೂ ನಾಲ್ಕು ಗೂಟ ಸಾಕು: ಬಂದ ಕೂಡಲೇ ಮಾಡುವ ಒಂದೇ ಕೆಲಸ, ಹತ್ತೂಕಾಲರ ತಿನಿಸು, ಊಟ ಮತ್ತು ನಿದ್ದೆ, ಸಂಜೆಯ ಅಂಗಳ. ಇವುಗಳ ಕ್ರಮ ಬದಲಾಗಬಾರದು. ನಿಮಿಷ ಹಿಂದೆ ಮುಂದೆ ಆದರೆ ಮಗುವಿಗೆ ತಿಳಿಯುವುದಿಲ್ಲ, ಅದಕ್ಕೆ ಗಡಿಯಾರ ಓದಲು ಬರುವುದಿಲ್ಲ. ಆದರೆ ತಿನಿಸಿನ ನಂತರ ಕಥೆ, ಕಥೆಯ ನಂತರ ಕೈಕಾಲು ತೊಳೆಯುವುದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಆ ಕ್ರಮ ತಪ್ಪಿದಾಗಲೇ ಅಳು ಶುರುವಾಗುವುದು.

ಗೂಟಗಳ ನಡುವೆ ದಿನಕ್ಕೆ ಒಂದೇ ಬುಟ್ಟಿ. ನಾಲ್ಕು ಚಟುವಟಿಕೆ ಬೇಡ. ಒಂದೇ ವಸ್ತುವನ್ನು ಐವರಿಗೂ ಅವರವರ ವಯಸ್ಸಿಗೆ ತಕ್ಕಂತೆ ಕೊಡು. ನೀರನ್ನೇ ತೆಗೆದುಕೊ. ಒಂದೂವರೆ ವರ್ಷದವನಿಗೆ ಒಂದು ತಂಬಿಗೆ, ಒಂದು ಪರಾತ. ಸುರಿಯುವುದೇ ಅವನ ಕೆಲಸ. ಹುಡುಗಿಯರಿಗೆ ಸಾಣಿಗೆ ಕೊಟ್ಟು ನೀರು ಏಕೆ ನಿಲ್ಲುವುದಿಲ್ಲ ಎಂದು ಕೇಳು. ಮೂರರವನು ಕೊಡ ತುಂಬಲು ಎಷ್ಟು ತಂಬಿಗೆ ಎಂದು ಎಣಿಸಲಿ, ಏಳರ ನಂತರ ಹನ್ನೊಂದು ಎಂದರೂ ತಿದ್ದಬೇಡ, ಜೊತೆಗೆ ನೀನೂ ಎಣಿಸು. ನಿನ್ನ ಮಗಳ ಕೈಗೆ ಅಳತೆಯ ಸೇರು, ಪಾವು ಕೊಡು. ಒಂದು ಸೇರಿಗೆ ನಾಲ್ಕು ಪಾವು ಎಂಬುದು ಅವಳಿಗೆ ಒಂದು ವಾರದಲ್ಲಿ ಕೈಯಿಂದಲೇ ಗೊತ್ತಾಗುತ್ತದೆ. ನೀರು ಬರುವ ದಿನಗಳನ್ನೇ ನೀರಿನ ದಿನಗಳನ್ನಾಗಿ ಮಾಡಿಕೊ.

ಉಳಿದ ದಿನಗಳಿಗೆ ಮನೆಯಲ್ಲೇ ಬೇಕಾದಷ್ಟಿದೆ. ಒಣಗಿದ ಬಟ್ಟೆ ಮಡಚುವುದು, ದೊಡ್ಡವರ ಅಂಗಿ ಯಾವುದು, ಮಗುವಿನದು ಯಾವುದು ಎಂದು ಬೇರೆ ಮಾಡುವುದು. ಕೌದಿ ಹಾಸಿದರೆ ಅದರ ತುಂಡುಗಳಲ್ಲೇ ಎಲ್ಲ ಬಣ್ಣವೂ ಇದೆ, ನೀನು ರಾತ್ರಿ ಕುಳಿತು ಕಾಗದ ಕತ್ತರಿಸುವ ಕಾರಣವಿಲ್ಲ. ಕಾಳು ತೆಗೆದ ಮೆಕ್ಕೆಜೋಳದ ದಿಂಡುಗಳಿಂದ ಗೋಡೆ ಕಟ್ಟುತ್ತಾರೆ, ಬೀಳಿಸುತ್ತಾರೆ. ಹುಣಸೆ ಬೀಜ, ಅವರೆ, ಶೇಂಗಾ ಮಾತ್ರ ಬೇಡ. ನಿನ್ನಲ್ಲಿ ಮೂರು ದಾಟದವರಿದ್ದಾರೆ, ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ಇಡಿ ಶೇಂಗಾವನ್ನು ತಿನ್ನಲೂ ಕೊಡಬೇಡ, ಪುಡಿ ಮಾಡಿ ಕೊಡು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳು.

ಬಿಸಿಲಿಗೆ ಇಲ್ಲಿ ನಾವು ಮಾಡುತ್ತಿದ್ದದ್ದು ಇಷ್ಟೇ: ಓಡುವ ಆಟಗಳೆಲ್ಲ 9ರಿಂದ 10ರ ಒಳಗೆ ಮತ್ತು ಸಂಜೆ 5ರ ನಂತರ. ನಡುವಿನ ಹೊತ್ತು ನೆರಳು, ತೆಳುವಾದ ಮಜ್ಜಿಗೆ, ಒದ್ದೆ ಬಟ್ಟೆಯಿಂದ ಮೈ ಒರೆಸುವುದು. ಒಳಗೂ ಮೈ ಆಡಲೇಬೇಕು. ದಿಂಬು ಸಾಲಾಗಿಟ್ಟು ಹತ್ತಿಸಿ ಇಳಿಸು, ಕಪ್ಪೆಯಂತೆ ಕುಪ್ಪಳಿಸಲಿ, ಸೀರೆಯ ಕೆಳಗೆ ತೆವಳಲಿ.

ಈಗ ನಿನ್ನ ಚಾರ್ಟಿನ ಬದಲಿಗೆ ಒಂದು ನೋಟ್‌ಬುಕ್ ಇಡು. ಮಕ್ಕಳು ಹೋದ ಮೇಲೆ ಹತ್ತು ನಿಮಿಷ, ಮಗುವಿಗೊಂದು ಸಾಲು. ‘ಮೂರರವನು ತಂಬಿಗೆಯ ಬಾಯಿ ಮುಚ್ಚಿ ಬೋರಲು ಹಿಡಿದು ನೋಡಿದ.’ ಇಷ್ಟು ಸಾಕು. ನಾಳೆಯ ಬುಟ್ಟಿಗೆ ಮುಚ್ಚಳಗಳನ್ನು ಹಾಕಬೇಕೆಂದು ಆ ಸಾಲೇ ಹೇಳುತ್ತದೆ. ನಾಳೆಯ ಯೋಜನೆ ಇವತ್ತು ನೋಡಿದ್ದರಿಂದ ಬರಬೇಕು.

ನನಗೆ ಇದನ್ನು ಕಲಿಸಿದ್ದು ಒಬ್ಬ ಹುಡುಗ. ಮೂರು ತಿಂಗಳು ಅಂಗನವಾಡಿಗೆ ಬಂದರೂ ಒಂದು ಮಾತಾಡಿರಲಿಲ್ಲ. ನಾನು ಹಾಡು ಹೇಳಿಸುತ್ತಿದ್ದೆ, ಅವನು ಬಾಗಿಲ ಕಡೆ ನೋಡುತ್ತಿದ್ದ. ಸುಗ್ಗಿಯ ಕಾಲದಲ್ಲಿ ಒಂದು ಬೆಳಿಗ್ಗೆ ಭತ್ತ ಕೊಯ್ಯುವ ಯಂತ್ರ ರಸ್ತೆಯಲ್ಲಿ ಹಾದುಹೋಯಿತು, ಮಕ್ಕಳೆಲ್ಲ ಎದ್ದು ಓಡಿದರು. ಗದರಿಸಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು, ‘ಅದು ನಮ್ಮ ಹೊಲಕ್ಕೂ ಬಂದಿತ್ತು’ ಎಂದ. ಆ ವಾರ ಹಾಡು ಬಿಟ್ಟೆವು. ರಟ್ಟಿನ ಪೆಟ್ಟಿಗೆಯಿಂದ ಯಂತ್ರ ಮಾಡಿ, ಹುಲ್ಲು ನೆಟ್ಟು ಕೊಯ್ದೆವು. ಅವನೇ ಚಾಲಕ. ಈಗ ಬರೆಯುವಾಗಲೂ ಅವನ ಧ್ವನಿ ಕಿವಿಯಲ್ಲಿದೆ.

ವರ್ಷದ ಯೋಜನೆಗೂ ಹೊರಗೆ ಹುಡುಕಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನೆನೆಸಿ ಎತ್ತು ಮಾಡಿಸು. ಪಂಚಮಿಗೆ ಜೋಕಾಲಿ. ಮೊಹರಂ ಬಂದಾಗ ನಮ್ಮ ಕಡೆ ಎಲ್ಲ ಮನೆಯ ಮಕ್ಕಳೂ ಹಲಗೆಯ ಸದ್ದಿಗೆ ಕುಣಿಯುತ್ತಾರೆ, ಡಬ್ಬಿ ಬಡಿಯಲು ಬಿಡು. ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿಸಿ ಬಂದ ಮಕ್ಕಳು ತಾವಾಗಿಯೇ ತೇರು ಎಳೆಯುತ್ತಾರೆ, ನೀನು ಹಗ್ಗ ಹಿಡಿದು ಕೊಟ್ಟರೆ ಆಯಿತು. ಕಿನ್ನಾಳ ನಿನಗೆ ಹತ್ತಿರ. ಅಲ್ಲಿನ ಮರದ ಗೊಂಬೆ ಒಂದನ್ನು ತಂದು ಎತ್ತರದಲ್ಲಿಟ್ಟು ಕಥೆ ಹೇಳುವಾಗ ಮಾತ್ರ ಇಳಿಸು, ಚಿಕ್ಕವರು ಬಣ್ಣ ನೆಕ್ಕದಂತೆ ನೋಡಿಕೊ.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ನಾನು ಮಗುವನ್ನು ಬಿಟ್ಟು ಹೋಗುವ ತಂದೆ. ನಾನೂ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳುತ್ತಿದ್ದೆ. ಬೇರೆ ಏನು ಕೇಳಬೇಕೆಂದು ಗೊತ್ತಿರಲಿಲ್ಲ. ನಿಜವಾಗಿ ನನಗೆ ಬೇಕಿದ್ದದ್ದು, ನಾನಿಲ್ಲದ ಒಂಬತ್ತು ಗಂಟೆಯಲ್ಲಿ ಮಗಳು ಹೇಗಿದ್ದಳು ಎಂಬುದು. ನಾವು ಬಿಡುವ ಮನೆಯ ಅಮ್ಮ ಈಗ ಮೂರೇ ಮಾತು ಹೇಳುತ್ತಾರೆ: ಎಷ್ಟು ಉಂಡಳು, ಎಷ್ಟು ಹೊತ್ತು ಮಲಗಿದಳು, ಯಾವುದಕ್ಕೆ ನಕ್ಕಳು. ಅದರಿಂದ ಮನೆಗೆ ಹೋಗುವ ದಾರಿಯಲ್ಲಿ ಮಗಳ ಜೊತೆ ಮಾತಾಡಲು ನನಗೆ ವಿಷಯ ಸಿಗುತ್ತದೆ. ಆ ನೀರಿನ ಒಂದು ಗಂಟೆಯನ್ನು ನನಗೆ ಯಾರಾದರೂ ಹೇಳಿದ್ದರೆ ಸಂತೋಷಪಡುತ್ತಿದ್ದೆ.

ಹತ್ತಿ ಹೂವು (ಸಿಂಧನೂರು)

ಎಲ್ಲ ಸರಿ, ಆದರೆ ನಾಲ್ಕು ತುಂಬಿದ ಮಗುವಿಗೆ ಅಕ್ಷರ ಬೇಡವೇ? ನಮ್ಮ ಮಗನನ್ನು ಒಂದು ಶಾಲೆಗೆ ಸೇರಿಸಲು ಹೋದಾಗ ಹೆಸರು ಬರೆದು ತೋರಿಸು ಎಂದರು. ಅವನು ಪೆನ್ಸಿಲ್ ಹಿಡಿದು ಅತ್ತ. ತಾಯಿಯಾಗಿ ಅದನ್ನು ಮರೆಯಲಾಗುತ್ತಿಲ್ಲ.

ಭತ್ತದ ಕಣಜ (ಗಂಗಾವತಿ)

ತಪ್ಪು ಮಗುವಿನದಲ್ಲಮ್ಮಾ, ಕೇಳಿದವರದು. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಆಟವನ್ನು ಕಲಿಕೆಯ ನಡುವಿಗೆ ಇಟ್ಟಿದೆ. ಹಾಗೆಂದು ಅಕ್ಷರ ಬೇಡ ಎನ್ನುವುದಿಲ್ಲ. ರೊಟ್ಟಿ ತಟ್ಟುವಾಗ ಒಂದು ಉಂಡೆ ಹಿಟ್ಟು ಕೊಡಿ, ಬಟ್ಟೆಯ ಕ್ಲಿಪ್ ಹಾಕಿಸಿ, ಬೆರಳಿಗೆ ಬಲ ಬರಲಿ. ಪರಾತದಲ್ಲಿ ರವೆ ಹರಡಿ ಬೆರಳಿನಿಂದ ಅವನ ಹೆಸರಿನ ಮೊದಲ ಅಕ್ಷರ ಬರೆಯಿರಿ, ಅವನು ಅಳಿಸಲಿ, ಮತ್ತೆ ಬರೆಯಲಿ. ಪೆನ್ಸಿಲ್ ಅವನು ಕೇಳಿದ ದಿನ ಕೊಡಿ.

ಪಡಸಾಲೆ (ಕೊಪ್ಪಳ), ಮೂರು ವಾರಗಳ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗೋಡೆಯ ಚಾರ್ಟ್ ತೆಗೆದೆ. ಸಂಪಿಗೆ ಬೀಗ ಇರಲಿಲ್ಲ, ರಾಯಚೂರಿನ ತಂಗಿ ಬರೆದ ಮರುದಿನವೇ ಯಜಮಾನರು ಹಾಕಿಸಿದರು.

ಬಂದ ಕೂಡಲೇ ಮಾಡುವ ಕೆಲಸವೆಂದು ಗುಬ್ಬಿಗಳಿಗೆ ಅಕ್ಕಿ, ನೀರು ಇಡುವುದನ್ನು ಆರಿಸಿದೆ. ತಾಯಿಯ ಸೆರಗು ಬಿಡದ ಹುಡುಗಿ ಈಗ ಅಕ್ಕಿಯ ಡಬ್ಬಿ ಹುಡುಕಿಕೊಂಡು ಒಳಗೆ ಬರುತ್ತಾಳೆ. ಚಿಕ್ಕವನ ನಿದ್ದೆ 11.45ಕ್ಕೆ ಬಂದಿದೆ. ನೋಟ್‌ಬುಕ್‌ನಲ್ಲಿ ಹದಿನಾರು ದಿನ ಬರೆದಿದ್ದೇನೆ, ಎರಡು ದಿನ ಆಗಲಿಲ್ಲ. ತಿರುಗಿ ಓದಿದಾಗ ಒಂದು ಗೊತ್ತಾಯಿತು: ಇಬ್ಬರು ಹುಡುಗಿಯರಲ್ಲಿ ಒಬ್ಬಳ ಬಗ್ಗೆ ಐದು ದಿನ ‘ಸುಮ್ಮನೆ ಕುಳಿತಿದ್ದಳು’ ಎಂದೇ ಬರೆದಿದ್ದೆ. ಅವಳು ಅಷ್ಟೂ ದಿನ ಅತ್ತೆಯ ರೊಟ್ಟಿ ಬಡಿಯುವ ಕೈಯನ್ನೇ ನೋಡುತ್ತಿದ್ದಳು. ಒಲೆಯಿಂದ ದೂರ ಒಂದು ಮಣೆ ಹಾಕಿ ಹಿಟ್ಟು ಕೊಟ್ಟೆವು. ನಲವತ್ತು ನಿಮಿಷ ಏಳಲಿಲ್ಲ.

ಅವಳ ತಾಯಿಯೇ ಆ ಪ್ರಶ್ನೆ ಕೇಳಿದವರು. ನಿನ್ನೆ ಸಂಜೆ ಅವಳು ತಟ್ಟಿದ ರೊಟ್ಟಿಯನ್ನು, ಅಂಗೈಯಷ್ಟೇ ಇತ್ತು, ಕಾಗದದಲ್ಲಿ ಸುತ್ತಿ ಕೊಟ್ಟೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅರ್ಧ ತಿಂದು, ಅರ್ಧ ಮಗಳಿಗೆ ಕೊಟ್ಟರು.

ಗಂಗಾವತಿಯ ಅಕ್ಕಾ, ಇನ್ನೊಂದು ಕೇಳಬೇಕಿತ್ತು. ಮಣ್ಣೆತ್ತಿಗೆ ಎರೆಮಣ್ಣನ್ನು ಎಷ್ಟು ದಿನ ಮೊದಲು ನೆನೆಸಬೇಕು? ಒಣಗಿದಾಗ ಸೀಳದಂತೆ ಅದರಲ್ಲಿ ಏನಾದರೂ ಕಲಸುತ್ತಿದ್ದಿರಾ?