ಕೆಂದಳಿಲಿನ ಚಿತ್ರ ಬರೆಯಲು ಹೋದರೆ ಅರ್ಧ ಸುಲಿದ ತೆಂಗಿನಕಾಯಿ ಆಗುತ್ತಿದೆ, ಏನು ಮಾಡಲಿ?

ತೋಟದಂಚು:
ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟದಂಚಿನ ಹಲಸಿನ ಮರಕ್ಕೆ ದಿನಾ ಬೆಳಿಗ್ಗೆ ಒಂದು ಕೆಂದಳಿಲು, ಅದೇ ಕಾಡಿನ ದೊಡ್ಡ ಕೆಂಪು ಅಳಿಲು, ಬರುತ್ತದೆ. ಅದನ್ನು ಬರೆಯಬೇಕು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ನಾನು ಪೆನ್ಸಿಲ್ ಹಿಡಿದದ್ದು ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಲೆಕ್ಕ ಬರೆಯಲು ಮಾತ್ರ. ಒಂದು ವಿಡಿಯೊದಲ್ಲಿ ಹೇಳಿದ ಹಾಗೆ ಮೊಟ್ಟೆಯಂಥ ಮೈ, ಅದರ ಮೇಲೆ ಉರುಟು ತಲೆ, ಬೆನ್ನಿಗೆ ತಾಗಿಕೊಂಡು ಮೇಲಕ್ಕೆ ಸುರುಳಿ ಬಾಲ, ಎಲ್ಲ ಹಾಕಿದೆ. ಆಮೇಲೆ ಕೂದಲು ಒಂದೊಂದೇ ಎಳೆಯುತ್ತಾ ಕೂತೆ, ರಾತ್ರಿ ಹನ್ನೊಂದಾಯಿತು. ಬೆಳಿಗ್ಗೆ ಅಕ್ಕನ ಮಗಳು ನೋಡಿ, 'ಮಾವಾ, ಅರ್ಧ ಸುಲಿದ ತೆಂಗಿನಕಾಯಿಗೆ ಯಾಕೆ ಕಣ್ಣಿಟ್ಟೆ?' ಅಂದಳು. ಕೂದಲು ಬರೆಯುವುದು ಹೇಗೆ ಅಂತ ಯಾರಾದರೂ ಹೇಳಿ.

ಕೋಡಿಬಾಗ ಮಾಸ್ತರ:
ತಮ್ಮಾ, ತಪ್ಪು ಕೂದಲಿನದ್ದಲ್ಲ, ಬಾಲದ್ದು. ನಾನು ಕಾರವಾರದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ, ಮಕ್ಕಳೆಲ್ಲ ಮಾಡುವುದು ಇದನ್ನೇ. ಆ ಸುರುಳಿ ಬಾಲ ಹೊರದೇಶದ ಅಳಿಲಿನದ್ದು, ವಿಡಿಯೊ ಮಾಡಿದವನು ಅವನ ಊರಿನದ್ದನ್ನು ಬರೆದಿದ್ದಾನೆ. ನಮ್ಮ ಕೆಂದಳಿಲು ಕೊಂಬೆಗೆ ಅಡ್ಡಲಾಗಿ ಕೂತು ತಿನ್ನುತ್ತದೆ. ತಲೆ, ಕೈ ಕೊಂಬೆಯ ಈ ಕಡೆ ಬಾಗಿರುತ್ತವೆ, ಬಾಲ ಆ ಕಡೆ ನೇರ ಕೆಳಗೆ ಜೋತಿರುತ್ತದೆ. ತಕ್ಕಡಿ ಹಾಗೆ. ಬಾಲ ಮೈಯಷ್ಟೇ ಉದ್ದ, ಜಾಸ್ತಿಯೇ ಅನ್ನಿ. ಅದನ್ನು ಮೇಲಕ್ಕೆತ್ತಿ ಬರೆದರೆ ಪ್ರಾಣಿ ಮುಂದಕ್ಕೆ ಮುಗ್ಗರಿಸುವ ಹಾಗೆ ಕಾಣುತ್ತದೆ, ನೋಡುವವರಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಅನಿಸುತ್ತದೆ ಅಷ್ಟೆ. ಮೊದಲು ಕೊಂಬೆ ಎಳೆ. ಆಮೇಲೆ ಬೆನ್ನು. ಬೆನ್ನಿನ ಗೆರೆಯೇ ಮುಂದುವರಿದು ಬಾಲದ ಮೂಳೆ ಆಗಬೇಕು. ಒಂದು ವಾರ ಕೂದಲಿನ ಸುದ್ದಿಗೇ ಹೋಗಬೇಡ.

ಬೈನಾಕ್ಯುಲರ್ ಜೋಯಿಡಾ:
ಮಾಸ್ತರು ಹೇಳಿದ್ದು ನೂರಕ್ಕೆ ನೂರು ನಿಜ. ಬೆಳಿಗ್ಗೆ ಅದು ಒಂದು ಕಡೆ ನಿಲ್ಲುವುದಿಲ್ಲ, ನೀವು ಮೂಗು ಬರೆಯುವಷ್ಟರಲ್ಲಿ ಪಕ್ಕದ ಮತ್ತಿ ಮರದಲ್ಲಿರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿ. ಬಿಸಿಲು ಹೊತ್ತಿನಲ್ಲಿ ದಪ್ಪ ಕೊಂಬೆ ಮೇಲೆ ಹೊಟ್ಟೆ ಹಚ್ಚಿ, ನಾಲ್ಕೂ ಕಾಲು ಇಳಿಬಿಟ್ಟು ಒಣಹಾಕಿದ ಟವೆಲ್ಲಿನ ಹಾಗೆ ಬಿದ್ದಿರುತ್ತದೆ. ಅಂಥ ಮಾಡೆಲ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಮುಂಗಾಲನ್ನು ಆಗಲೇ ಸರಿಯಾಗಿ ನೋಡಿಕೊಳ್ಳಿ. ಕಾಣುವುದು ನಾಲ್ಕು ಬೆರಳು, ಹೆಬ್ಬೆರಳ ಜಾಗದಲ್ಲಿ ಸಣ್ಣ ಮೊಟಕು, ಒಳಗಡೆ ಹಿಡಿತಕ್ಕೆ ಅಗಲವಾದ ಗಾದಿ. ಎಲ್ಲರೂ ಮನುಷ್ಯರ ಕೈ ತರ ಐದು ಬೆರಳು ಬರೆಯುತ್ತಾರೆ. ಎರಡು ಕಿವಿಗಳ ನಡುವೆ ತಿಳಿ ಬಣ್ಣದ ಮಚ್ಚೆ ಇರುತ್ತದೆ, ಅದನ್ನೂ ಬಿಡಬೇಡಿ. ಇನ್ನೊಂದು ಮಾತು, ಎಲೆ ಕಡ್ಡಿ ಉಂಡೆ ಮಾಡಿದ ಹಾಗಿರುವ ಗೂಡು ಕಂಡರೆ ಹತ್ತಿ ನೋಡುವ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಕಾಯ್ದೆ ಇಲ್ಲದಿದ್ದರೂ ಬೇಡ.

ಚಿತ್ತಾರದಮ್ಮ:
ಕೂದಲಿನ ಪ್ರಶ್ನೆಗೆ ಯಾರೂ ಉತ್ತರವನ್ನೇ ಕೊಡಲಿಲ್ಲವಲ್ಲ! ನೋಡಿ, ಎಲ್ಲ ಕಡೆ ಕೂದಲು ಎಳೆಯಬೇಡಿ. ಮೊದಲು ಮೈಗೆ ನೆರಳು ತುಂಬಿ. ಬೆನ್ನು ಕಡುಗೆಂಪು, ಹೊಟ್ಟೆ ಕೆನೆ ಬಣ್ಣ, ಎರಡೂ ಸೇರುವಲ್ಲಿ ಗಡಿ ಕಣ್ಣಿಗೆ ಹೊಡೆಯುವ ಹಾಗಿರುತ್ತದೆ. ಆ ಗಡಿಯಲ್ಲಿ, ಮೊಣಕೈ ಮಡಚುವಲ್ಲಿ, ಬಾಲದ ಅಂಚಿನಲ್ಲಿ ಮಾತ್ರ ಕೂದಲು ತೋರಿಸಿದರೆ ಸಾಕು. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಮುಖದ ಮೇಲೆ ಗಿಡ್ಡ, ಬಾಲದಲ್ಲಿ ಉದ್ದ, ದಿಕ್ಕು ಮೂಗಿನಿಂದ ಹಿಂದಕ್ಕೆ.

ನಮ್ಮ ಮನೆಯಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಅದಕ್ಕೆ ಪುಂಡಿ ಗಿಡದ ನಾರಿನ ಕುಂಚ. ನಾರಿನ ತುದಿ ಸ್ವಲ್ಪ ಬಿಡಿಸಿ, ಬಣ್ಣ ಒರೆಸಿ, ಒಣಕಲಾಗಿ ಎಳೆದರೆ ಒಂದೇ ಸಲಕ್ಕೆ ಏಳೆಂಟು ಎಳೆ ಬೀಳುತ್ತವೆ. ಬಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಮ್ಮ ನೋಡಿದರೆ ಬೈಯುತ್ತಾರೆ, ಚಿತ್ತಾರದ ಗೆರೆ ಹಾಗೆ ಹರಿಯಬಾರದು ಅಂತ. ಮತ್ತೆ ಈ ಮಳೆಯಲ್ಲಿ ಕಾಗದ ಥಂಡಿ ಹಿಡಿದಿರುತ್ತದೆ. ರಬ್ಬರ್ ಹಾಕಿದರೆ ಹಪ್ಪಳದ ಹಿಟ್ಟಿನ ಹಾಗೆ ಕಿತ್ತು ಬರುತ್ತದೆ. ಬಚ್ಚಲ ಒಲೆ ಹತ್ತಿರ ಸ್ವಲ್ಪ ಹೊತ್ತು ಇಟ್ಟು ಬರೆಯಿರಿ.

ತೋಟದಂಚು:
ಇವತ್ತು ಬೆಳಿಗ್ಗೆ ಕೊಟ್ಟಿಗೆ ಕಟ್ಟೆ ಮೇಲೆ ಕೂತು ನೋಡಿದೆ. ಬಾಲ ಕೆಳಗೇ ಇತ್ತು ಮಾಸ್ತರೆ! ದಿನಾ ನೋಡುತ್ತಿದ್ದೆ, ಮನೆಗೆ ಬಂದು ಮೇಲಕ್ಕೆ ಬರೆಯುತ್ತಿದ್ದೆ. ಕೊಂಬೆ, ಬೆನ್ನು, ಬಾಲ, ಮೂರೇ ಗೆರೆಯಲ್ಲಿ ಏಳು ಚಿತ್ರ ಹಾಕಿದೆ. ಎಂಟನೆಯದಕ್ಕೆ ಅದು ಹಲಸಿನ ತೊಳೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋಯಿತು. ಅಕ್ಕನ ಮಗಳು ನೋಡಿ 'ಇದಕ್ಕೆ ಕಣ್ಣೇ ಇಲ್ಲವಲ್ಲ ಮಾವಾ' ಅಂದಳು. ತೆಂಗಿನಕಾಯಿ ಅನ್ನಲಿಲ್ಲ. ಚಿತ್ತಾರದಮ್ಮ, ಪುಂಡಿ ನಾರು ಶಿರಸಿ ಪೇಟೆಯಲ್ಲಿ ಸಿಗುತ್ತದಾ, ಅಥವಾ ಯಾರದ್ದಾದರೂ ಹಿತ್ತಿಲಿನಲ್ಲಿ ಕೇಳಬೇಕಾ?