ಗಾಳಿ ‘ಒಗ್ಗಲಿಲ್ಲ’ವೋ, ಗಾಳಿಗೆ ‘ಒಗ್ಗಿಕೊಂಡಿಲ್ಲ’ವೋ?

ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ಮಾಸ್ಕಿನ ಮೂಲಕ ಗಾಳಿಯೂದಿ ಗಂಟಲಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಹೊಸದಾಗಿ ಬಳಸುವವರಿಗೆಂದು ಎರಡು ಪುಟಗಳ ಕೈಪಿಡಿ ಬರೆಯಲು ಕುಳಿತಿದ್ದೇನೆ. ನಾನೇ ಮಾಸ್ಕ್ ತೊಟ್ಟು ಮಲಗಲು ಆರಂಭಿಸಿ ನಾಲ್ಕು ತಿಂಗಳಾಗಿದೆ. ಹಾಗಾಗಿ ವಿಷಯ ಗೊತ್ತು, ಪದಗಳದೇ ಪೇಚಾಟ.

ಮೊದಲ ಸಾಲಿನಲ್ಲೇ ಎಡವಿದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ಗಾಳಿಯ ದಾರಿ ಮುಚ್ಚಿ, ಹತ್ತು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುವ ಕಾಯಿಲೆಯನ್ನು ‘ನಿದ್ರೆಯಲ್ಲಿ ಉಸಿರುಗಟ್ಟುವುದು’ ಎಂದು ಬರೆಯುತ್ತೇವೆ. ಯಂತ್ರ ಹಾಕಿಕೊಂಡ ಮೊದಲ ರಾತ್ರಿ ರೋಗಿ ಹೇಳುವುದೂ ‘ಉಸಿರುಗಟ್ಟುತ್ತಿದೆ, ತೆಗೆಯಿರಿ’ ಎಂದೇ. ಕಾಯಿಲೆಗೂ ಚಿಕಿತ್ಸೆಯ ಮೇಲಿನ ದೂರಿಗೂ ಒಂದೇ ಮಾತು! ಅಲ್ಲಿ ಉಸಿರು ನಿಜಕ್ಕೂ ನಿಲ್ಲುತ್ತದೆ, ಮಲಗಿದವರಿಗೆ ತಿಳಿಯುವುದಿಲ್ಲ. ಇಲ್ಲಿ ಉಸಿರು ನಿಂತೇ ಇಲ್ಲ, ನಿಂತಂತೆ ಅನ್ನಿಸುತ್ತದೆ. ಕಾಯಿಲೆಗೆ ‘ಉಸಿರುನಿಲುಗಡೆ’ ಎಂದು ಬರೆದು, ‘ಉಸಿರುಗಟ್ಟಿದಂತಾಗುವುದು’ ಎಂಬುದನ್ನು ಮಾಸ್ಕಿನ ಕಸಿವಿಸಿಗೆ ಉಳಿಸಿಕೊಂಡಿದ್ದೇನೆ.

‘ಒತ್ತಡ’ವೂ ತೊಡಕಿನದೇ. ಆ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ರಕ್ತದ ಒತ್ತಡ, ಇಲ್ಲವೇ ಕೆಲಸದ ಒತ್ತಡ. ಈ ಯಂತ್ರಗಳ ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. 10 ಎಂದರೆ ಒಂದು ಗೇಣಿಗೂ ಕಡಿಮೆ ಎತ್ತರದ ನೀರು ತನ್ನ ತಳವನ್ನು ಒತ್ತುವಷ್ಟು, ವಾತಾವರಣದ ಒತ್ತಡದ ನೂರನೆಯ ಒಂದು ಪಾಲು. ಅಷ್ಟು ಸಣ್ಣದಕ್ಕೆ ‘ಅಧಿಕ ಒತ್ತಡದ ಗಾಳಿ’ ಎಂದು ಬರೆದು ಹೆದರಿಸುವುದು ಸಲ್ಲದು. ‘ಗಾಳಿಯೊತ್ತಡ’ ಎಂದು ಕೂಡಿಸಿ ಬರೆದರೆ ಸಾಕೆನಿಸುತ್ತದೆ.

ನಿಜವಾದ ಪ್ರಶ್ನೆ ‘ಒಗ್ಗು’ವಿನದು. ‘ಹೊಂದಿಕೊಳ್ಳಿ’ ಎಂಬುದರಲ್ಲಿ ಬಾಯಿ ಮುಚ್ಚಿಕೊಂಡು ಸಹಿಸಿ ಎಂಬ ಧ್ವನಿಯಿದೆ, ಬಿಟ್ಟೆ. ಹವೆ, ನೀರು, ಔಷಧ ಇವೆಲ್ಲ ಕನ್ನಡದಲ್ಲಿ ‘ಒಗ್ಗುವ’ ಸಂಗತಿಗಳು. ಗಾಳಿಯೂ ಆ ಸಾಲಿಗೇ ಸೇರುತ್ತದೆ. ಆದರೆ ‘ನನಗೆ ಈ ಗಾಳಿ ಒಗ್ಗಲಿಲ್ಲ’ ಎಂದರೆ ಕರ್ತೃ ಗಾಳಿ. ಮೈ ತೀರ್ಪು ಕೊಟ್ಟಾಯಿತು, ಯಂತ್ರ ಕಪಾಟು ಸೇರುತ್ತದೆ. ‘ನಾನು ಈ ಗಾಳಿಗೆ ಒಗ್ಗಿಕೊಂಡಿಲ್ಲ’ ಎಂದು ನೋಡಿ: ಕರ್ತೃ ನಾನು, ಹಿಂದೆಯೇ ‘ಇನ್ನೂ’ ಎಂಬುದೂ ಬಂದು ಕೂರುತ್ತದೆ. ಹಗಲಿನಲ್ಲಿ ಏನಾದರೂ ಓದುತ್ತಾ ಅರ್ಧ ಗಂಟೆ ಮಾಸ್ಕ್ ತೊಟ್ಟು ಕುಳಿತುಕೊಳ್ಳುವ ಅಭ್ಯಾಸಕ್ಕೆ ಎಡೆ ಮಾಡಿಕೊಡುವುದು ಈ ಎರಡನೆಯ ವಾಕ್ಯವೇ.

ಹಾಗೆಂದು ‘ಕೊಳ್ಳು’ ಸೇರಿಸಿ ಹೊರೆಯನ್ನೆಲ್ಲ ರೋಗಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮಾಸ್ಕಿನ ಅಳತೆ ತಪ್ಪಿ ಗಾಳಿ ಕಣ್ಣಿಗೆ ಸೋರುತ್ತಿದ್ದರೆ, ಮೂಗು ಒಣಗಿ ಉರಿಯುತ್ತಿದ್ದರೆ, ಗಾಳಿ ನುಂಗಿ ಹೊಟ್ಟೆ ಉಬ್ಬರಿಸುತ್ತಿದ್ದರೆ ಒಗ್ಗಬೇಕಾದದ್ದು ಯಂತ್ರ. ಮಾಸ್ಕ್ ಬದಲಿಸುವುದು, ಗಾಳಿಗೆ ತೇವ ಸೇರಿಸುವುದು, ವೈದ್ಯರನ್ನು ಕೇಳಿ ಒತ್ತಡ ತಿದ್ದಿಸುವುದು ಇವಕ್ಕೆ ‘ಒಗ್ಗಿಸಿಕೊಳ್ಳುವುದು’ ಎಂದು ಬರೆದಿದ್ದೇನೆ. ಒಗ್ಗುವುದು, ಒಗ್ಗಿಕೊಳ್ಳುವುದು, ಒಗ್ಗಿಸಿಕೊಳ್ಳುವುದು: ಓದುವವರಿಗೆ ಈ ಮೂರರ ಅಂತರ ಹೊಳೆಯುತ್ತದೆಯೇ, ಅಥವಾ ಇದು ನನ್ನೊಬ್ಬನ ಕಿವಿಯ ಗೀಳೇ?

ಉಸಿರು ಹೊರಬಿಡುವಾಗ ಒತ್ತಡವನ್ನು ತುಸು ಇಳಿಸುವ ಸೌಲಭ್ಯವೂ ಹಲವು ಯಂತ್ರಗಳಲ್ಲಿದೆ. ಇಲ್ಲಿ ‘ಉಚ್ಛ್ವಾಸ’, ‘ನಿಶ್ವಾಸ’ಗಳ ಗೊಡವೆಗೆ ನಾನು ಹೋಗಿಲ್ಲ. ನಮ್ಮ ಶಾಲಾಪುಸ್ತಕಗಳಲ್ಲಿ ಉಚ್ಛ್ವಾಸ ಒಳಗೆಳೆಯುವ ಉಸಿರು. ಹಿಂದಿಯ ವಿಜ್ಞಾನ ಪುಸ್ತಕಗಳಲ್ಲಿ ಉಚ್ಛ್ವಸನ ಹೊರಬಿಡುವ ಉಸಿರು. ಎರಡನ್ನೂ ಓದಿದವರ ಪಾಡು ಏನಾಗಬೇಡ!

ಕೊನೆಗೆ, ‘ರ‍್ಯಾಂಪ್’. ಕಡಿಮೆ ಒತ್ತಡದಲ್ಲಿ ಶುರುವಾಗಿ, ನಿದ್ದೆ ಹತ್ತುವ ಹೊತ್ತಿಗೆ ವೈದ್ಯರು ಗೊತ್ತುಮಾಡಿದ ಮಟ್ಟಕ್ಕೆ ನಿಧಾನವಾಗಿ ಏರುವ ವ್ಯವಸ್ಥೆ ಅದು. ‘ಇಳಿಜಾರು’ ಎಂದರೆ ದಿಕ್ಕೇ ತಿರುಗಿಬಿಡುತ್ತದೆ. ‘ಹಂತಹಂತದ ಏರಿಕೆ’ ಎಂದರೆ ಮೆಟ್ಟಿಲು ಕಾಣುತ್ತದೆ, ಇಲ್ಲಿ ಮೆಟ್ಟಿಲುಗಳಿಲ್ಲ. ‘ಮೆಲ್ಲೇರು’ ಎಂದು ಟಂಕಿಸಿದ್ದೇನೆ. ಮನೆಯವರು ನಕ್ಕರು. ಗುಂಡಿಯ ಪಕ್ಕದಲ್ಲಿ ಅಂಟಿಸುವಷ್ಟು ಚಿಕ್ಕದಾದ, ಯಾರೂ ನಗದ ಪದ ನಿಮ್ಮಲ್ಲಿದೆಯೇ?