ಕೊಕ್ಕರೆಯ ಕತ್ತು ಪ್ರತಿ ಸಲ ಬುಡದಲ್ಲೇ ಹರಿಯುತ್ತಿದೆ

ಹಾಳೆಹುಚ್ಚು:
ಒರಿಗಾಮಿ (ಕಾಗದ ಮಡಚಿ ಆಕಾರ ಮಾಡುವ ಕಲೆ) ಶುರುಮಾಡಿ ಎರಡು ವಾರ ಆಯ್ತು. ಒರಿಜುರು, ಅಂದರೆ ಜಪಾನಿನವರ ಕಾಗದದ ಕೊಕ್ಕರೆ, ಮುಕ್ಕಾಲು ಭಾಗ ಚೆನ್ನಾಗಿಯೇ ಬರುತ್ತದೆ. ಕತ್ತನ್ನು ಒಳಗಿನಿಂದ ಮೇಲಕ್ಕೆ ಮಡಚುವಾಗ ಬುಡ ಉಬ್ಬಿಕೊಂಡು ಪರ್ರೆಂದು ಹರಿಯುತ್ತದೆ. ಹರಿಯದಿದ್ದರೆ ಕೊಕ್ಕು ಮೊಂಡು, ಒಳಪದರ ಹೊರಗೆ ಇಣುಕುತ್ತದೆ. ಸೆಂಬಜುರುಗೆ, ಅದೇ ಸಾವಿರ ಕೊಕ್ಕರೆಯ ಮಾಲೆಗೆ, ಜಪಾನಿನಲ್ಲಿ 7.5 ಸೆಂ.ಮೀ. ಚೌಕ ಬಳಸುತ್ತಾರಲ್ಲ, ನಾನೂ ಅಷ್ಟಕ್ಕೇ ಕತ್ತರಿಸಿಕೊಂಡೆ. ಹದಿನೇಳು ಕಸದ ಬುಟ್ಟಿ ಸೇರಿವೆ. ತಪ್ಪು ಕೈಯದಾ, ಕಾಗದದ್ದಾ?

ಮೂಲೆಮಡಿಕೆ:
ಯಾವ ಕಾಗದ?

ಹಾಳೆಹುಚ್ಚು:
ಜೆರಾಕ್ಸ್ ಅಂಗಡಿಯ ಎ4, 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದ.

ಮೂಲೆಮಡಿಕೆ:
ಅರ್ಧ ಉತ್ತರ ಅಲ್ಲೇ ಇದೆ. ಅಳತೆ ಜಪಾನಿನದು, ದಪ್ಪ ನಮ್ಮ ಅಂಗಡಿಯದು. ಅವರ ಆ ಪುಟ್ಟ ಹಾಳೆ ತೆಳು. ಎ4ನ ಅಗಲ 21 ಸೆಂ.ಮೀ., ಇಡೀ 21ರ ಚೌಕ ಮಾಡಿ ಕಲಿಯಿರಿ. ಚಿಕ್ಕದು ಆಮೇಲೆ.

ಇನ್ನರ್ಧ ಕೈಯದು. ಬರ್ಡ್ ಬೇಸ್ (ಕೊಕ್ಕರೆಗೆ ಮೊದಲು ಬರುವ ಉದ್ದನೆಯ ವಜ್ರಾಕಾರದ ಮಡಿಕೆ) ಆದಮೇಲೆ ಕೆಳಗಿನ ಎರಡು ಕಾಲನ್ನು, ಅಂದರೆ ಮುಂದೆ ಕತ್ತು ಮತ್ತು ಬಾಲ ಆಗುವ ತುದಿಗಳನ್ನು, ಸಣ್ಣ ಮಾಡೋಕೆ ಹೊರ ಅಂಚನ್ನು ನಡುವಿನ ಸೀಳಿನ ಕಡೆ ಮಡಚುತ್ತೀರಲ್ಲ, ಸೀಳಿಗೆ ತಾಗಿಸಬೇಡಿ. ಅರ್ಧ ಮಿಲಿಮೀಟರ್ ಬಿಡಿ. ಕತ್ತು ಮೇಲೇಳುವಾಗ ಆ ಪದರಗಳಿಗೆಲ್ಲ ಕೂರೋಕೆ ಜಾಗ ಬೇಕು. ಇಲ್ಲದಿದ್ದರೆ ಉಬ್ಬುತ್ತವೆ, ನೀವು ಎಳೆಯುತ್ತೀರಿ, ಹರಿಯುತ್ತದೆ. ಅಂಚಿಗೆ ಅಂಚು ಕೂಡಿಸಿದರೇ ನೀಟು ಅಂತ ನಾನೂ ತಿಂಗಳುಗಟ್ಟಲೆ ಹಟ ಹಿಡಿದಿದ್ದೆ! ಒಂದು ಮಾತು, ಕತ್ತನ್ನು ಸೀದಾ ಒಳಗೆ ತಳ್ಳಬೇಡಿ. ಮೊದಲು ಹಿಂದಕ್ಕೂ ಮುಂದಕ್ಕೂ ಮಡಚಿ ಉಗುರಿನಿಂದ ತೀಡಿ. ಗೆರೆ ಬಿದ್ದಮೇಲೆ ಅದು ತಾನಾಗೇ ಒಳಗೆ ಹೋಗುತ್ತದೆ.

ನಾಲ್ಕುಮೂಲೆ:
ಮೊಂಡು ಕೊಕ್ಕು ಬೇರೆ ರೋಗ. ನಿಮ್ಮ ಚೌಕ ಚೌಕವಾಗಿಲ್ಲ. ಮೂಲೆಯಿಂದ ಮೂಲೆಗೆ ಮಡಚಿ ಬೆಳಕಿಗೆ ಹಿಡಿಯಿರಿ. ಒಂದು ಅಂಚು ಹೊರಗೆ ಕಂಡರೆ ಆ ಹಾಳೆ ಬಿಟ್ಟುಬಿಡಿ. ಶುರುವಿನ ಒಂದು ಮಿಲಿಮೀಟರ್ ಕೊನೆಗೆ ಕೊಕ್ಕಿನ ತುದಿಯಲ್ಲೇ ಬಂದು ಕೂರುತ್ತದೆ. ಕತ್ತರಿ ಬೇಡ, ಸ್ಟೀಲ್ ಸ್ಕೇಲ್ ಒತ್ತಿ ಕಟರ್‌ನಲ್ಲಿ ಕುಯ್ಯಿರಿ.

ಹಾಳೆಹುಚ್ಚು:
ಉಳಿದಿದ್ದ ಚೌಕಗಳನ್ನು ಬೆಳಕಿಗೆ ಹಿಡಿದೆ. ಒಂಬತ್ತರಲ್ಲಿ ಏಳು ಸೊಟ್ಟ. ಕತ್ತರಿ ನನ್ನದಲ್ಲ ಅಂತ ಹೇಳೋ ಹಾಗೂ ಇಲ್ಲ.

21ರ ಚೌಕದಲ್ಲಿ, ಜಾಗ ಬಿಟ್ಟು, ಈಗಷ್ಟೇ ಒಂದು ಮಾಡಿದೆ. ಕತ್ತು ಹರಿಯಲಿಲ್ಲ, ಕೊಕ್ಕು ಚೂಪಾಗಿದೆ. ಬಾಲ ಮಾತ್ರ ಸ್ವಲ್ಪ ಎಡಕ್ಕೆ ವಾಲಿದೆ. ಟೀವಿ ಪಕ್ಕ ಕೂರಿಸಿದ್ದೇನೆ. ಫ್ಯಾನ್ ಹಾಕಿದರೆ ಬೀಳುತ್ತದೆ, ಅದಕ್ಕೇನಾದರೂ ಉಪಾಯ ಇದೆಯಾ?